ಬಿಳಿ ಪಂಚೆಗಾಗಿ ಕಟ್ಟಿದ ಮರಳಿನ ಡ್ರಮ್

ಹೊನ್ನಾವರ, ಕುಮಟಾದಿಂದ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದವರೆಗೆ ಯಾವ ಮದುವೆ ಚಪ್ಪರದ ಹಿಂದೆ ಹೋಗಿ ನೋಡಿದರೂ ಒಲೆ ಮುಂದೆ ನಿಂತವರ ಮೈಮೇಲೆ ಬಿಳಿ ಪಂಚೆ, ಬಿಳಿ ಬನಿಯನ್ನು, ಹೆಗಲಿಗೊಂದು ಬಿಳಿ ಟವೆಲ್ಲು ಇರುತ್ತದೆ. ಅದು ಅಡಿಗೆಯವರ ಯೂನಿಫಾರ್ಮು. ನಮ್ಮ ತಂಡದ್ದೂ ಅದೇ. ಪಂಕ್ತಿಗೆ ಇಳಿದು ಸಾರು ಬಡಿಸುವಾಗ ನಮ್ಮ ಪಂಚೆ ಕುಳಿತವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಅದು ಕಂದಿದ್ದರೆ ಒಳಗಿನ ಪಾತ್ರೆಯೂ ಹಾಗೇ ಇರಬಹುದು ಎಂದು ಜನ ಅಂದುಕೊಳ್ಳುವುದು ಸಹಜ. ಹಾಗೆ ಅಂದುಕೊಳ್ಳುವುದು ಅವರ ಹಕ್ಕು ಅಂತಲೇ ನಾನು ತಿಳಿದಿದ್ದೇನೆ.

ಕುಮಟಾ ತಾಲ್ಲೂಕಿನ ಒಳಗಿರುವ ನಮ್ಮ ಮನೆಯಲ್ಲಿ ತಂಡದ ಅರಿವೆಗಳನ್ನೆಲ್ಲ ಒಟ್ಟಿಗೆ ಒಗೆಯುತ್ತೇವೆ. ಬೇಸಿಗೆಯಲ್ಲಿ ತೆರೆದ ಬಾವಿ ತಳ ಕಾಣತೊಡಗಿದ ಮೇಲೆ ಹಿತ್ತಿಲಲ್ಲಿ ಬೋರು ತೆಗೆಸಿದೆವು. ನೀರು ಧಾರಾಳವಾಯಿತು, ಪಂಚೆ ಮಾತ್ರ ಒಂದೊಂದೇ ಒಗೆತಕ್ಕೆ ಬಣ್ಣ ತಿರುಗುತ್ತ ಬಂತು. ಅಲ್ಲೊಂದು ಇಲ್ಲೊಂದು ಕಲೆಯಾಗಿದ್ದರೆ ಅಡಿಗೆಯ ಕಲೆ ಎನ್ನಬಹುದಿತ್ತು. ಇದು ಇಡೀ ಬಟ್ಟೆಗೆ ಸಮನಾಗಿ ಹರಡಿದ ಕಂದು ಮಿಶ್ರಿತ ಹಳದಿ. ಅಂಚಿನ ಮಡಿಕೆಯಲ್ಲಿ, ಹೊಲಿಗೆಯ ದಾರದಲ್ಲಿ ಸ್ವಲ್ಪ ಹೆಚ್ಚು. ಕಪಾಟಿನಲ್ಲೇ ಇದ್ದು ಎಂದೂ ಉಡದ ಹೊಸ ಪಂಚೆಯೂ, ಗಂಜಿ ತೆಗೆಯಲೆಂದು ಒಗೆದಿಟ್ಟದ್ದು, ಅದೇ ಬಣ್ಣಕ್ಕೆ ತಿರುಗಿತ್ತು. ಅಂದರೆ ಬೆವರಿನದ್ದೂ ಅಲ್ಲ, ತುಪ್ಪದ್ದೂ ಅಲ್ಲ.

ಆಯಿ ಹೇಳಿದ ಒಂದು ಮಾತು ದಾರಿ ತೋರಿಸಿತು. "ಮಳೆಗಾಲದಲ್ಲಿ ಒಗದ್ದು ಹಿಂಗಾಗ್ತಿಲ್ಲೆ ತಮಾ" ಅಂದಳು. ಮಳೆಗಾಲದಲ್ಲಿ ನಾವು ಮಾಡಿನ ದೋಣಿಯಿಂದ ಬಿದ್ದ ನೀರನ್ನೇ ಹಿಡಿದು ಒಗೆಯುತ್ತೇವೆ. ಸೋಪು ಅದೇ, ಕೈ ಅದೇ, ಕಲ್ಲು ಅದೇ. ಬದಲಾಗುವುದು ನೀರೊಂದೇ.

ನಮ್ಮ ಗುಡ್ಡವೆಲ್ಲ ಚಿರೇಕಲ್ಲು. ಅದರ ಕೆಂಪಿಗೆ ಕಾರಣವೇ ಕಬ್ಬಿಣ. ಮಳೆ ನೀರು ನೆಲದಾಳಕ್ಕೆ ಇಳಿದು ಗಾಳಿಯ ಸಂಪರ್ಕವಿಲ್ಲದೆ ನಿಂತಾಗ ಕಬ್ಬಿಣ ಅದರಲ್ಲಿ ಕರಗುತ್ತದೆ. ಕರಗಿದ ಸ್ಥಿತಿಯಲ್ಲಿ ಅದಕ್ಕೆ ಬಣ್ಣವಿಲ್ಲ. ಬೋರಿನಿಂದ ಬಂದ ನೀರು ಕೊಡದಲ್ಲಿ ತಿಳಿಯಾಗಿಯೇ ಕಾಣುತ್ತದೆ, ಗಾಳಿ ತಾಗಿದ ಮೇಲೆ ಆ ಕಬ್ಬಿಣ ತುಕ್ಕಾಗಿ ಮಾರ್ಪಟ್ಟು ಕೆಂಪಗೆ ತಳಕ್ಕಿಳಿಯುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಬಟ್ಟೆಗೂ ಬಚ್ಚಲಿನ ಬಿಳಿ ಟೈಲ್ಸಿಗೂ ಕಲೆ ಹಿಡಿಯತೊಡಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿ ಹೇಳುತ್ತದೆ.

ಒಗೆಯುವಾಗ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಕ್ಷಾರ ಹೆಚ್ಚಿದಷ್ಟೂ ಕಬ್ಬಿಣ ಬೇಗ ತುಕ್ಕಾಗುತ್ತದೆ. ಸೋಪು, ಅರಿವೆ ಸೋಡಾ ಎರಡೂ ಕ್ಷಾರವೇ. ಕಬ್ಬಿಣದ ನೀರಿಗೆ ಸೋಡಾ ಹಾಕಿ, ಬಿಸಿ ಮಾಡಿ, ಬಟ್ಟೆ ಮುಳುಗಿಸಿ, ಕೈಯಾಡಿಸಿ ಗಾಳಿ ಸೇರಿಸಿದೆವೆಂದರೆ ಹತ್ತಿಯ ನೂಲಿನೊಳಗೇ ತುಕ್ಕು ಕಟ್ಟುವುದಕ್ಕೆ ಬೇಕಾದ ಎಲ್ಲವನ್ನೂ ನಾವೇ ಒದಗಿಸಿದಂತೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಇನ್ನೂ ಕೆಟ್ಟದ್ದು. ಬ್ಲೀಚು ಬಣ್ಣ ತೆಗೆಯುವುದು ಆಕ್ಸಿಡೀಕರಣದಿಂದ, ಕಬ್ಬಿಣ ಕೆಂಪಾಗುವುದೂ ಅದರಿಂದಲೇ. ಹಾಗಾಗಿ ಬ್ಲೀಚು ಹಾಕಿದಷ್ಟೂ ಹಳದಿ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬಿಳಿ ಬಟ್ಟೆ ಹಾಳಾಗುವುದು ಹೀಗೆ: ಹಳದಿ ಕಂಡಿತೆಂದು ಬ್ಲೀಚು, ಮತ್ತೂ ಹಳದಿಯಾಯಿತೆಂದು ಮತ್ತಷ್ಟು ಬ್ಲೀಚು, ಕೊನೆಗೆ ನೂಲೇ ಸೋತು ಪಂಚೆ ಮೊಣಕಾಲಿನ ಹತ್ತಿರ ಹರಿಯುತ್ತದೆ.

ಖರ್ಚು ಮಾಡುವ ಮೊದಲು ಕಬ್ಬಿಣವೇ ಹೌದೆಂದು ಖಾತ್ರಿ ಮಾಡಿಕೊಳ್ಳಬೇಕು. ಮನೆಯಲ್ಲೇ ಆಗುವ ಪರೀಕ್ಷೆಗಳಿವೆ. ಬೋರಿನಿಂದ ಆಗಷ್ಟೇ ಬಂದ ನೀರನ್ನು ಬಿಳಿ ಬಕೆಟ್ಟಿನಲ್ಲಿ ತೆರೆದಿಟ್ಟು ಬೆಳಿಗ್ಗೆ ನೋಡಿದರೆ ತಳದಲ್ಲಿ ಕೆಂಪು ಗಸಿ ಇರುತ್ತದೆ. ಒಂದು ಗಾಜಿನ ಲೋಟದ ನೀರಿಗೆ ಎಲೆಗೆ ಹಚ್ಚುವ ಸುಣ್ಣ ಕಡಲೆಕಾಳಿನಷ್ಟು ಕಲಸಿ, ಇನ್ನೊಂದು ಲೋಟದ ಮಳೆನೀರಿಗೂ ಅಷ್ಟೇ ಕಲಸಿ ಪಕ್ಕಪಕ್ಕ ಇಟ್ಟರೆ ಬೋರಿನ ಲೋಟ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ನನಗೆ ಹೆಚ್ಚು ನಂಬಿಕೆ ಅಳಲೆಕಾಯಿ ಪರೀಕ್ಷೆಯ ಮೇಲೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಹಿಂದಿನವರು ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಚಿಟಿಕೆ ಪುಡಿಯನ್ನು ನಮ್ಮ ಬೋರಿನ ನೀರಿಗೆ ಹಾಕಿದಾಗ ಅದು ಬೂದು ನೇರಳೆಗೆ ತಿರುಗಿತು, ಮಳೆನೀರು ತೆಳು ಹಳದಿಯಾಗಿಯೇ ಉಳಿಯಿತು. ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ನೀರು, ತಾಗಿದ ಬಟ್ಟೆ ಬೋರಿನ ನೀರಿಗೆ ಬಿದ್ದ ಕೂಡಲೇ ಕಪ್ಪಾಗುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಕಬ್ಬಿಣ ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. ಹಳೆಯ ಜಿಐ ಪೈಪು ಒಳಗೆ ತುಕ್ಕು ಹಿಡಿದಿದ್ದರೆ ಬೆಳಗಿನ ಮೊದಲ ನೀರು ಮಾತ್ರ ಕೆಂಪಗೆ ಬಂದು ಆಮೇಲೆ ತಿಳಿಯಾಗುತ್ತದೆ. ಅಂಥಲ್ಲಿ ಪೈಪು ಬದಲಿಸಿದರೆ ಮುಗಿಯಿತು, ನೀರು ಸೋಸುವ ಮರಳಿನ ಡ್ರಮ್ಮಿನ ಗೊಡವೆ ಬೇಡ. ನಮ್ಮದು ಪಂಪು ಅರ್ಧ ತಾಸು ಓಡಿದ ಮೇಲೂ ಅಳಲೆಕಾಯಿಗೆ ಅಷ್ಟೇ ಕಪ್ಪಾಗುತ್ತಿತ್ತು, ಮೇಲಿನ ಟಾಂಕಿಯ ಗೋಡೆಗೆ ಕಂದು ಲೋಳೆಯೂ ಕಟ್ಟಿತ್ತು. ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಕಟ್ಟುವ ಲೋಳೆ ಅದು. ಅಲ್ಲಿಗೆ ಅನುಮಾನ ಉಳಿಯಲಿಲ್ಲ.

ಪೇಟೆಯಲ್ಲಿ ಕಬ್ಬಿಣ ತೆಗೆಯುವ ಸಿಲಿಂಡರಿನ ಫಿಲ್ಟರುಗಳು ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ಬಟ್ಟೆಗೆ ಬೇಕಾದ ನೀರಿಗೆ ಅಷ್ಟು ದುಡ್ಡು ಹಾಕುವ ಅಗತ್ಯ ನನಗೆ ಕಾಣಲಿಲ್ಲ. ತತ್ವ ಸರಳ: ನೀರಿಗೆ ಚೆನ್ನಾಗಿ ಗಾಳಿ ತಾಗಿಸು, ಕಬ್ಬಿಣ ಬಟ್ಟೆಯಲ್ಲಿ ತುಕ್ಕಾಗುವ ಬದಲು ಹೊರಗೇ ತುಕ್ಕಾಗಲಿ, ಆ ತುಕ್ಕನ್ನು ಮರಳಿನಲ್ಲಿ ಹಿಡಿ. 1 ಮಿಲಿಗ್ರಾಂ ಕಬ್ಬಿಣಕ್ಕೆ ಬೇಕಾಗುವ ಆಮ್ಲಜನಕ 0.14 ಮಿಲಿಗ್ರಾಂ ಮಾತ್ರ. ಗಾಳಿಯಲ್ಲಿ ಹನಿಹನಿಯಾಗಿ ಬಿದ್ದ ನೀರಿಗೆ ಅದು ಧಾರಾಳವಾಗಿ ಸಿಗುತ್ತದೆ.

ಗಾಳಿಗಿಂತ ದೊಡ್ಡ ತೊಡಕು ಹುಳಿ. ಚಿರೇಕಲ್ಲು ನೆಲದ ನೀರು ಸಾಮಾನ್ಯವಾಗಿ ತುಸು ಹುಳಿ ಗುಣದ್ದು, ಅಂದರೆ ಪಿಎಚ್ 7ಕ್ಕಿಂತ ಕೆಳಗೆ. ಪಿಎಚ್ ಒಂದು ಅಂಶ ಏರಿದರೆ ಕಬ್ಬಿಣ ತುಕ್ಕಾಗುವ ವೇಗ ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಹುಳಿ ನೀರಿಗೆ ಎಷ್ಟು ಗಾಳಿ ಕೊಟ್ಟರೂ ಕಬ್ಬಿಣ ಕರಗಿಯೇ ಕುಳಿತಿರುತ್ತದೆ, ಮರಳಿನ ಸಂದಿಯಿಂದ ನುಸುಳಿ ಆಚೆ ಬಂದು ಸೋಪಿನ ಬಕೆಟ್ಟಿನಲ್ಲಿ ತುಕ್ಕಾಗುತ್ತದೆ. ಇದಕ್ಕೆ ಮದ್ದು ನಮ್ಮ ಕರಾವಳಿಯಲ್ಲಿ ಬಿಟ್ಟಿಯಾಗಿ ಬಿದ್ದಿದೆ. ಅಘನಾಶಿನಿಯ ಅಳಿವೆಯ ದಡದಲ್ಲಿ ರಾಶಿ ಬೀಳುವ ಚಿಪ್ಪಿ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ಅದನ್ನು ಸುಟ್ಟೇ ಇಲ್ಲಿಯವರು ಸುಣ್ಣ ಮಾಡುತ್ತಿದ್ದುದು. ಸುಡದೆ, ಒಡೆದು ನೀರಿನ ದಾರಿಯಲ್ಲಿಟ್ಟರೆ ಹುಳಿ ಇದ್ದಷ್ಟು ಹೊತ್ತು ಮಾತ್ರ ತುಸುತುಸುವೇ ಕರಗಿ ಪಿಎಚ್ ಏರಿಸುತ್ತದೆ. ಸುಣ್ಣವನ್ನೇ ಹಾಕಿದರೆ ಅಳತೆ ತಪ್ಪುವ ಭಯವಿದೆ, ಚಿಪ್ಪಿಗೆ ಆ ಭಯವಿಲ್ಲ. ನೀರು ಒಂದಿಷ್ಟು ಗಡಸಾಗುತ್ತದೆ ನಿಜ. ಸೋಪು ಚೂರು ಹೆಚ್ಚು ಬೇಕಾದೀತು, ಕಬ್ಬಿಣಕ್ಕಿಂತ ಅದು ಎಷ್ಟೋ ವಾಸಿ.

ಸಾಮಾನು ಇಷ್ಟು: 200 ಲೀಟರಿನ ಎರಡು ನೀಲಿ ಪ್ಲಾಸ್ಟಿಕ್ ಡ್ರಮ್ಮು, ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟು ಮೂರು, ಒಂದಿಂಚಿನ ಪಿವಿಸಿ ಪೈಪು, ಎಲ್ಬೋ, ಟಿ, ನಾಲ್ಕು ಬಾಲ್ ವಾಲ್ವು, ಟ್ಯಾಂಕ್ ನಿಪ್ಪಲ್, ನೈಲಾನ್ ಸೊಳ್ಳೆ ಪರದೆ, ಜಲ್ಲಿ, ಹೊಳೆ ಮರಳು, ಚಿಪ್ಪಿ. ಡ್ರಮ್ಮು ಕೊಳ್ಳುವಾಗ ಮೊದಲು ಅದರಲ್ಲಿ ಏನು ಬಂದಿತ್ತೆಂದು ಕೇಳಲೇಬೇಕು. ಉಪ್ಪಿನಕಾಯಿಗೆ ಮಾವಿನ ಮಿಡಿ ತುಂಬಿದ್ದು, ಬೆಲ್ಲದ್ದು ಆಗಬಹುದು. ಔಷಧ, ಬಣ್ಣ, ಆಸಿಡ್ ಬಂದ ಡ್ರಮ್ಮನ್ನು ಎಷ್ಟು ತೊಳೆದರೂ ತರಬಾರದು.

ಕಟ್ಟುವುದಕ್ಕೆ ನನ್ನ ಜೊತೆ ನಿಂತವನು ನನ್ನ ಭಾವ. ಪಂಪು, ಪೈಪಿನ ಕೆಲಸ ಅವನಿಗೆ ನೀರು ಕುಡಿದಷ್ಟು ಸುಲಭ. ಮೊದಲು ಕಟ್ಟೆ. ಮರಳು ತುಂಬಿದ ಡ್ರಮ್ಮು ನೀರೂ ಸೇರಿ 350 ಕಿಲೋ ದಾಟುತ್ತದೆ, ಮರದ ಸ್ಟ್ಯಾಂಡಿನ ಮೇಲೆ ಕೂರಿಸುವ ವಸ್ತುವಲ್ಲ. ಚಿರೇಕಲ್ಲಿನ ಎರಡು ಕಟ್ಟೆ ಕಟ್ಟಿದೆವು. ಒಂದು ಎತ್ತರದ್ದು, ಗಸಿ ಇಳಿಯುವ ಡ್ರಮ್ಮಿಗೆ. ಇನ್ನೊಂದು ತಗ್ಗಿನದು, ಮರಳಿನ ಡ್ರಮ್ಮಿಗೆ. ತಗ್ಗಿನದರ ಕೆಳಗೂ ಬಕೆಟ್ಟು ಹಿಡಿಯುವಷ್ಟು ಜಾಗ ಬಿಟ್ಟೆವು.

ಎತ್ತರದ ಡ್ರಮ್ಮಿನ ಮೇಲೆ ಕ್ರೇಟುಗಳನ್ನು ಒಂದರ ಮೇಲೊಂದು, ನಡುವೆ ಒಂದಡಿ ಸಂದಿ ಬಿಟ್ಟು, ಅಡಿಕೆ ದಬ್ಬೆಯ ಚೌಕಟ್ಟಿಗೆ ಕಟ್ಟಿದೆವು. ಪ್ರತಿ ಕ್ರೇಟಿನಲ್ಲಿ ಅರ್ಧದಷ್ಟು ಒಡೆದ ಚಿಪ್ಪಿ, ಅದರಡಿ ಕೈಮುಷ್ಟಿ ಗಾತ್ರದ ಕರಿಗಲ್ಲು. ತುದಿಯಲ್ಲಿ ಪಿವಿಸಿ ಪೈಪನ್ನು ಕೂಡಿಸುವ ಚಿಹ್ನೆಯ (+) ಆಕಾರಕ್ಕೆ ಜೋಡಿಸಿ, ಕೆಳಮುಖವಾಗಿ 3 ಮಿಲಿಮೀಟರಿನ ತೂತು ಕೊರೆದು, ತುದಿಗಳಿಗೆ ಕ್ಯಾಪು ಹಾಕಿದೆವು. ಆ ಕ್ಯಾಪಿಗೆ ಅಂಟು ಹಚ್ಚಬಾರದು, ಯಾಕೆಂದರೆ ತೂತುಗಳಲ್ಲಿ ತುಕ್ಕು ಕಟ್ಟುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು. ಪಂಪು ಹಾಕಿದರೆ ನೀರು ಮಳೆಯ ಹಾಗೆ ಮೊದಲ ಕ್ರೇಟಿಗೆ, ಅಲ್ಲಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಹನಿಯುತ್ತ ಡ್ರಮ್ಮಿಗೆ ಬೀಳುತ್ತದೆ. ಸುತ್ತಲೂ ಸೊಳ್ಳೆ ಪರದೆ ಬಿಗಿದಿದ್ದೇವೆ. ಹನಿ ಆಚೆ ಸಿಡಿಯುವುದಿಲ್ಲ, ಸೊಳ್ಳೆಯೂ ಒಳಗೆ ಮೊಟ್ಟೆಯಿಡುವುದಿಲ್ಲ.

ಈ ಡ್ರಮ್ಮಿನಲ್ಲಿ ನೀರು ಸ್ವಲ್ಪ ಹೊತ್ತು ನಿಲ್ಲಬೇಕು. ತುಕ್ಕಿನ ಕಣ ಒಂದಕ್ಕೊಂದು ಕೂಡಿ ದಪ್ಪವಾಗುವುದಕ್ಕೆ ಸಮಯ ಬೇಕು. ಮರಳಿನ ಡ್ರಮ್ಮಿಗೆ ಹೋಗುವ ಪೈಪನ್ನು ತಳದಿಂದ ಒಂದು ಗೇಣು ಮೇಲೆ ಕೂರಿಸಿ, ತಳದಲ್ಲಿ ಬೇರೆಯೇ ಒಂದು ವಾಲ್ವು ಇಟ್ಟೆವು. ಅದನ್ನು ವಾರಕ್ಕೊಮ್ಮೆ ತೆರೆದರೆ ಕೆಂಪು ಗಸಿ ಹೊರಗೆ.

ಮರಳಿನ ಡ್ರಮ್ಮಿನ ತಳದ ಪೈಪು ಇಡೀ ಕೆಲಸದಲ್ಲಿ ನಾಜೂಕಿನದು. ಮರಳು ತುಂಬಿದ ಮೇಲೆ ಅದನ್ನು ಮುಟ್ಟುವಂತಿಲ್ಲ. ಪೈಪಿನ ಕೆಳಬದಿಗೆ ಗರಗಸದಿಂದ ಅರ್ಧ ಇಂಚಿಗೊಂದರಂತೆ ಸೀಳು ಹಾಕಿ, ಸೊಳ್ಳೆ ಪರದೆಯನ್ನು ಎರಡು ಸುತ್ತು ಸುತ್ತಿ ನೈಲಾನ್ ದಾರದಿಂದ ಬಿಗಿದೆವು. ತಂತಿಯಿಂದ ಕಟ್ಟಬೇಡಿ, ಕಬ್ಬಿಣ ತೆಗೆಯಲು ಹೊರಟ ಡ್ರಮ್ಮಿನೊಳಗೆ ತುಕ್ಕು ಹಿಡಿಯುವ ವಸ್ತು ಯಾಕೆ? ಅದರ ಮೇಲೆ ದಪ್ಪ ಜಲ್ಲಿ, ಆಮೇಲೆ ಕಡಲೆ ಗಾತ್ರದ ಜಲ್ಲಿ, ಎರಡೂ ಸೇರಿ 10 ಸೆಂಟಿಮೀಟರ್. ನಂತರ 10 ಸೆಂಟಿಮೀಟರ್ ದಪ್ಪ ಮರಳು, ಕೊನೆಗೆ 40 ಸೆಂಟಿಮೀಟರ್ ಸಣ್ಣ ಮರಳು. ಸಮುದ್ರದ ಮರಳು ಹತ್ತಿರವಿದೆಯೆಂದು ಅದನ್ನು ತರುವುದು ಬೇಡ, ಉಪ್ಪು ಬಿಡುತ್ತಲೇ ಇರುತ್ತದೆ. ಹೊಳೆ ಮರಳನ್ನು ಜರಡಿ ಹಿಡಿದು, ತೊಳೆದು, ಒಂದು ಮುಷ್ಟಿ ಮರಳನ್ನು ಲೋಟದ ನೀರಿಗೆ ಹಾಕಿ ಕದಡಿದರೆ ನೀರು ತಿಳಿಯಾಗಿ ಕಾಣುವವರೆಗೂ ಮತ್ತೆ ಮತ್ತೆ ತೊಳೆಯಬೇಕು. ಈ ತೊಳೆಯುವ ಕೆಲಸ ಬೆನ್ನು ಮುರಿಯುವಂಥದ್ದು, ಆದರೆ ಇಲ್ಲಿ ಉಳಿಸಿದ ಶ್ರಮ ಆಮೇಲೆ ತಿಂಗಳುಗಟ್ಟಲೆ ಕದಡು ನೀರಾಗಿ ಬರುತ್ತದೆ.

ಹೊರಗೆ ಬರುವ ಪೈಪನ್ನು ನೇರ ತಳದಿಂದ ನಲ್ಲಿಗೆ ಬಿಡುವುದೆಂದು ನಾನು ಎಣಿಸಿದ್ದೆ. "ಇಲ್ಲೆ ಭಾವಾ, ಮೇಲೆ ಎತ್ತಿ ಇಳಸವು, ಇಲ್ದಿದ್ರೆ ಮರಳು ಒಣಗ್ತು" ಅಂದ ಅವನು. ಪೈಪನ್ನು ಡ್ರಮ್ಮಿನ ಹೊರಬದಿಯಲ್ಲಿ ಮರಳಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲಕ್ಕೆ ಎತ್ತಿ ಅಲ್ಲಿಂದ ಕೆಳಗಿಳಿಸಿದ. ಹೀಗಿದ್ದರೆ ಮೇಲಿನಿಂದ ನೀರು ನಿಂತರೂ ಮರಳು ಸದಾ ಮುಳುಗಿಯೇ ಇರುತ್ತದೆ, ಬಿರುಕು ಬಿಡುವುದಿಲ್ಲ. ಎತ್ತಿದ ತುದಿಯಲ್ಲಿ ಒಂದು ಟಿ ಹಾಕಿ ಅದರ ಮೇಲ್ಬಾಯಿ ತೆರೆದೇ ಬಿಟ್ಟಿದ್ದಾನೆ. ಅದು ಮುಚ್ಚಿದ್ದರೆ ಸೈಫನ್ ಆಗಿ ನೀರೆಲ್ಲ ಎಳೆದು ಹೋಗುತ್ತದೆ. ಮೇಲಿನಿಂದ ನೀರು ಬೀಳುವ ಜಾಗದಲ್ಲಿ ಮರಳಿನ ಮೇಲೊಂದು ಹಂಚಿನ ತುಂಡು ಇಟ್ಟೆವು, ಗುಳಿ ಬೀಳದಿರಲೆಂದು. ಕೆಳಗಿನಿಂದ ನೀರು ಹಿಮ್ಮುಖವಾಗಿ ಹಾಯಿಸುವುದಕ್ಕೆ ಪಂಪಿನ ಪೈಪಿನಿಂದ ಒಂದು ಕವಲು, ಡ್ರಮ್ಮಿನ ಬಾಯಿಯ ಹತ್ತಿರ ಕೊಳೆನೀರು ಹೋಗಲು ಒಂದು ದಪ್ಪ ಪೈಪು. ಅಲ್ಲಿಗೆ ಕಟ್ಟೋಣ ಮುಗಿಯಿತು.

ನೀರನ್ನು ಎಷ್ಟು ಜೋರಾಗಿ ಬಿಡಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ಈ ಡ್ರಮ್ಮಿನ ಅಗಲ ಸುಮಾರು 57 ಸೆಂಟಿಮೀಟರ್, ಅಂದರೆ ಮರಳಿನ ಮುಖ ಕಾಲು ಚದರ ಮೀಟರ್. ಗಂಟೆಗೆ 250 ಲೀಟರಿನಷ್ಟು ಬಿಟ್ಟರೆ ನೀರು ಮರಳಿನಲ್ಲಿ ಗಂಟೆಗೆ ಒಂದು ಮೀಟರ್ ವೇಗದಲ್ಲಿ ಇಳಿಯುತ್ತದೆ. ನಮಗೆ ಅದು ಒಗ್ಗಿದೆ. 10 ಲೀಟರಿನ ಬಕೆಟ್ಟು ಎರಡೂವರೆ ನಿಮಿಷಕ್ಕೆ ತುಂಬುವಂತೆ ವಾಲ್ವು ತಿರುಗಿಸಿ, ಅಲ್ಲೇ ಪೇಂಟಿನಲ್ಲಿ ಗುರುತು ಹಾಕಿದ್ದೇವೆ. ರಾತ್ರಿ ಟಾಂಕಿಗೆ ಬಿಟ್ಟರೆ ಬೆಳಿಗ್ಗೆ ತಂಡದ ಬಟ್ಟೆಗೆ ಸಾಕಾಗುವಷ್ಟು ನೀರು ಕೂಡಿರುತ್ತದೆ.

ಮೊದಮೊದಲು ಬಂದ ನೀರು ಅಳಲೆಕಾಯಿಗೆ ಇನ್ನೂ ಬೂದು ತಿರುಗುತ್ತಿತ್ತು. ಹೊಸ ಮರಳಿನ ಗುಣವೇ ಅದು. ಕೆಲವು ವಾರ ನೀರು ಹಾಯ್ದ ಮೇಲೆ ಮರಳಿನ ಕಾಳಿಗೆ ತೆಳುವಾಗಿ ತುಕ್ಕು ಲೇಪವಾಗುತ್ತದೆ. ಆ ಲೇಪವೇ ಕರಗಿದ ಕಬ್ಬಿಣವನ್ನು ತನ್ನತ್ತ ಸೆಳೆದು ಬೇಗ ತುಕ್ಕಾಗಿಸುತ್ತದೆ. ಮರಳು ಕೆಂಪಾಯಿತೆಂದು ಗಾಬರಿಯಾಗಿ ಬದಲಿಸಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಈಗ ನಮ್ಮ ಡ್ರಮ್ಮಿನ ನೀರಿಗೆ ಅಳಲೆಕಾಯಿ ಪುಡಿ ಹಾಕಿದರೆ ಮಳೆನೀರಿನ ಲೋಟಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನಲ್ಲಿಯ ನೀರು ತೆಳ್ಳಗಾದಾಗ, ಅಂದರೆ ಬಕೆಟ್ಟು ತುಂಬಲು ತಡವಾಗತೊಡಗಿದಾಗ, ಹಿಮ್ಮುಖವಾಗಿ ತೊಳೆಯುತ್ತೇವೆ. ಮನೆಯ ಪಂಪಿನ ಒತ್ತಡಕ್ಕೆ ಮರಳು ಪೂರ್ತಿ ಏಳುವುದಿಲ್ಲ, ಹಾಗಾಗಿ ನೀರು ಬಿಟ್ಟುಕೊಂಡೇ ಬಿದಿರು ಕೋಲಿನಿಂದ ಮೇಲಿನ ಒಂದು ಗೇಣು ಕದಡಬೇಕು. ಜಲ್ಲಿಯವರೆಗೆ ಕೋಲು ಇಳಿಸಿದರೆ ಪದರ ಕಲೆಸಿಹೋಗುತ್ತದೆ. ಹೊರಬಂದ ಕೆಂಪು ನೀರು ತೆಂಗಿನ ಬುಡಕ್ಕೆ. ಬಾವಿಯ ಕಡೆಗೆ ಹರಿಯದಂತೆ ಕಾಲುವೆ ತಿರುಗಿಸಿದ್ದೇವೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ನೀರು ಒಗೆಯುವುದಕ್ಕೆ. ಕಬ್ಬಿಣ ಹೋಯಿತೆಂದ ಮಾತ್ರಕ್ಕೆ ರೋಗಾಣು ಹೋಗಿರುವುದಿಲ್ಲ. ಕುಡಿಯುವುದಾದರೆ ಪರೀಕ್ಷೆ ಮಾಡಿಸಿ, ಕುದಿಸಿಯೇ ಕುಡಿಯಬೇಕು.

ನೀರು ಸರಿಯಾದ ಮೇಲೆ ಹಳೆಯ ಬಟ್ಟೆ. ಒಳಗೆ ಕಟ್ಟಿದ ತುಕ್ಕು ಸೋಪಿಗೆ ಬಗ್ಗುವುದಿಲ್ಲ, ಹುಳಿಗೆ ಬಗ್ಗುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ತುಕ್ಕಿನ ಕಲೆಗೆ ಬಿಂಬುಳಿ ಹಚ್ಚುತ್ತಿದ್ದರು. ಬಾವಿಕಟ್ಟೆಯ ಹತ್ತಿರ ಕಾಂಡಕ್ಕೇ ಜೋತುಬೀಳುವ ಆ ಹಸಿರು ಕಾಯಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ, ಅದು ಕಬ್ಬಿಣವನ್ನು ಕಟ್ಟಿಕೊಂಡು ನೀರಿಗೆ ಇಳಿಸುತ್ತದೆ. ಒಂದೆರಡು ಕಲೆಗೆ ಈಗಲೂ ಅದಕ್ಕಿಂತ ಒಳ್ಳೆಯದಿಲ್ಲ: ಕಾಯಿ ಸೀಳಿ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು, ತೊಳೆಯುವುದು. ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೂ ನಡೆಯುತ್ತದೆ. ಇಡೀ ಪಂಚೆಗೆ ನಾವು ಬಳಸುವುದು ಸಿಟ್ರಿಕ್ ಆಸಿಡ್. 5 ಲೀಟರ್ ಬಿಸಿನೀರಿಗೆ 50 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ತಗಡಿನದು, ಅಲ್ಯುಮಿನಿಯಂ ಬೇಡ. ಬಟ್ಟೆಯನ್ನು ಮೊದಲು ಒಗೆದು ಎಣ್ಣೆಜಿಡ್ಡು ತೆಗೆದು, ಒದ್ದೆಯಿರುವಾಗಲೇ ಮುಳುಗಿಸಿ ಒಂದೆರಡು ತಾಸು ಬಿಟ್ಟರೆ ನೀರು ಹಳದಿಯಾಗುತ್ತ ಬರುತ್ತದೆ. ಡ್ರಮ್ಮಿನ ನೀರಿನಲ್ಲೇ ಜಾಲಿಸಬೇಕು, ಹುಳಿ ಉಳಿದು ಒಣಗಿದರೆ ಹತ್ತಿ ನೂಲು ಬಲ ಕಳೆದುಕೊಳ್ಳುತ್ತದೆ. ಕೊನೆಯ ನೀರಿಗೆ ಚಿಟಿಕೆ ಸೋಡಾ ಹಾಕುವುದು ಅದಕ್ಕೇ. ಅಂಗಡಿಯ ಆಕ್ಸಾಲಿಕ್ ಆಸಿಡ್ ಇನ್ನೂ ಚುರುಕು, ಆದರೆ ವಿಷ. ಅಡಿಗೆಯವರ ಮನೆಯಲ್ಲಿ ಬಿಳಿ ಪುಡಿಯ ವಿಷ ಇರಕೂಡದೆಂದು ನಾನು ತರುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಗೋಡೆಗೇ ಬರೆದು ಅಂಟಿಸಿದ್ದೇನೆ: ಹುಳಿ ಹಾಕಿದ ಬಕೆಟ್ಟಿಗೆ ಬ್ಲೀಚು ಹಾಕಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಬಚ್ಚಲಿನಂಥ ಮುಚ್ಚಿದ ಜಾಗದಲ್ಲಿ ಜೀವಕ್ಕೇ ಅಪಾಯ.

ಹುಳಿಯಿಂದ ಎದ್ದ ಪಂಚೆಯಲ್ಲಿ ಉಳಿಯುವ ಹಳದಿ ತುಪ್ಪದ್ದು, ಬೆವರಿನದ್ದು. ಅದಕ್ಕೆ ಬಿಸಿನೀರು, ಅರಿವೆ ಸೋಡಾ, ಡಿಟರ್ಜೆಂಟು. ಬ್ಲೀಚು ಬೇಕೇ ಆದರೆ ಆಮ್ಲಜನಕ ಬಿಡುವ ಸೋಡಿಯಂ ಪರ್ಕಾರ್ಬೊನೇಟು ಒಳ್ಳೆಯದು, ಬಿಸಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನೂ ಕಬ್ಬಿಣ ತೆಗೆದ ಮೇಲೆಯೇ ಹಾಕಬೇಕು. ನೂಲಿನಲ್ಲಿ ತುಕ್ಕಿದ್ದರೆ ಆ ಜಾಗದಲ್ಲಿ ಅದು ಉಕ್ಕೇರಿ ಬಟ್ಟೆಗೆ ಸಣ್ಣ ತೂತು ಬೀಳುತ್ತದೆ.

ಅಡಿಗೆಮನೆಯ ಕಲೆಗಳಲ್ಲಿ ಜನ ಹೆಚ್ಚು ಹೆದರುವುದು ಅರಿಸಿನಕ್ಕೆ. ಸೋಪು ತಾಗಿದ ಕೂಡಲೇ ಕುಂಕುಮದಂತೆ ಕೆಂಪಾಗುತ್ತದೆ, ನೋಡಿದವರು ಬಟ್ಟೆ ಹೋಯಿತೆಂದೇ ತಿಳಿಯುತ್ತಾರೆ. ಕ್ಷಾರಕ್ಕೆ ಅರಿಸಿನ ಕೆಂಪಾಗುವುದು, ಹುಳಿಗೆ ಮತ್ತೆ ಹಳದಿಯಾಗುವುದು ಸಹಜ. ಸೋಪಿನಲ್ಲಿ ಒಗೆದು ಒದ್ದೆಯಾಗಿಯೇ ನೇರ ಬಿಸಿಲಿಗೆ ಹಾಕಿದರೆ ಅರಿಸಿನದ ಬಣ್ಣ ಬೆಳಕಿಗೆ ತಾನಾಗಿ ಬಿಡುತ್ತದೆ. ಮುರುಗಲಿನ ಕಲೆಯನ್ನು ಮೊದಲು ಬರೀ ತಣ್ಣೀರಿನಲ್ಲಿ ಹೋದಷ್ಟು ಬಿಡಿಸಿ ಆಮೇಲೆ ಸೋಪು ಹಾಕಬೇಕು. ಕಷ್ಟದ್ದು ಬಾಳೆಯ ಕರೆ. ದಿಂಡು ಹೆಚ್ಚುವಾಗ, ಎಲೆ ಕೊಯ್ಯುವಾಗ ಸಿಡಿದ ಹನಿ ಆಗ ಕಾಣುವುದೇ ಇಲ್ಲ, ಒಣಗಿದ ಮೇಲೆ ಕಂದಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಹಸಿಯಿರುವಾಗಲೇ ತೊಳೆದರೆ ಮಾತ್ರ ಪೂರ್ತಿ ಬಿಡುತ್ತದೆ. ಅದಕ್ಕೇ ನಮ್ಮ ತಂಡದಲ್ಲಿ ಬಾಳೆದಿಂಡಿನ ಕೆಲಸಕ್ಕೆ ಕೂರುವವರು ಮೊಣಕಾಲ ಮೇಲೊಂದು ಹಳೆಯ ಬಣ್ಣದ ಲುಂಗಿ ಹಾಸಿಕೊಳ್ಳುವ ರೂಢಿ ಮಾಡಿದ್ದೇವೆ.

ನೀಲಿಯ ವಿಷಯಕ್ಕೆ ಬಂದರೆ, ಅದು ಕೊಳೆ ತೆಗೆಯುವುದಿಲ್ಲ, ತೆಳು ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ. ತುಕ್ಕು ಹಿಡಿದ ಪಂಚೆಗೆ ನೀಲಿ ಹಾಕುತ್ತ ಹೋದರೆ ಒಂದು ಬಗೆಯ ಮಂಕು ಬೂದು ಬಣ್ಣ ಕೂರುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ಈಗ ನಾವು ಕೊನೆಯ ಜಾಲಿಸುವ ನೀರಿಗೆ ನಾಲ್ಕೇ ಹನಿ, ಮೊದಲು ಲೋಟದಲ್ಲಿ ಕದಡಿ, ಆಮೇಲೆ ಬಕೆಟ್ಟಿಗೆ. ಒಣಹಾಕುವುದು ನೈಲಾನ್ ಹಗ್ಗದ ಮೇಲೆ. ತಂತಿಯ ಮೇಲೆ ಹಾಕಿದ ಪಂಚೆಯ ನಟ್ಟನಡುವೆ ತುಕ್ಕಿನ ಗೆರೆ ಬೀಳುವುದನ್ನು ಎಲ್ಲರೂ ಕಂಡಿದ್ದಾರೆ, ತಂತಿ ಬಿಚ್ಚಿದವರು ಕಡಿಮೆ.

ಮಳೆ ಶುರುವಾದ ಮೇಲೆ ಡ್ರಮ್ಮಿಗೆ ಹೆಚ್ಚು ಕೆಲಸವಿಲ್ಲ. ಮೊದಲ ಮಳೆಗಳಿಗೆ ಹಂಚಿನ ಕಸ, ಪಾಚಿ ತೊಳೆದು ಹೋಗಲು ಬಿಟ್ಟು, ಆಮೇಲೆ ದೋಣಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಹಿಡಿಯುತ್ತೇವೆ. ಆಗಲೂ ಎರಡು ದಿನಕ್ಕೊಮ್ಮೆ ಪಂಪಿನ ನೀರು ಸ್ವಲ್ಪ ಹೊತ್ತು ಮರಳಿಗೆ ಹಾಯಿಸದಿದ್ದರೆ ನಿಂತ ನೀರು ನಾರುತ್ತದೆ. ಮದುವೆಗಳು ಮುಗಿದು ಪಂಚೆಗಳನ್ನು ಎತ್ತಿಡುವ ಹೊತ್ತಿಗೆ ಗಂಜಿ ಹಾಕುವುದನ್ನು ಪೂರ್ತಿ ನಿಲ್ಲಿಸುತ್ತೇವೆ. ಬೇಸಿಗೆಯಲ್ಲಿ ಅನ್ನದ ತಿಳಿ ಬಟ್ಟೆಗೆ ಒಳ್ಳೆಯದು, ಕೊಳೆ ಗಂಜಿಗೆ ಅಂಟಿ ಒಗೆದಾಗ ಅದರ ಜೊತೆಗೇ ಹೋಗುತ್ತದೆ. ಮಳೆಗಾಲದ ತೇವದಲ್ಲಿ ಅದೇ ಗಂಜಿ ಬೂಷ್ಟಿಗೆ ಊಟ. ಎತ್ತಿಡುವ ಪಂಚೆಗೆ ನೀಲಿಯೂ ಇಲ್ಲ, ಗಂಜಿಯೂ ಇಲ್ಲ. ಬಿಸಿಲಿರುವಾಗಲೇ ಖಡಕ್ಕಾಗಿ ಒಣಗಿಸಿ, ಹಳೆಯ ಬಿಳಿ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಹಳೆಯ ಪದ್ಧತಿಯನ್ನು ಬಿಳಿ ಬಟ್ಟೆಗೆ ಬಿಟ್ಟಿದ್ದೇವೆ, ಹೊಗೆ ತೆಳುವಾಗಿ ಕೂತರೂ ಹಳದಿಯೇ. ಅಡಿಕೆ ಒಣಗಿಸಲೆಂದು ಪಾರದರ್ಶಕ ಶೀಟು ಹೊದಿಸಿದ ಅಟ್ಟಣಿಗೆಯ ಒಂದು ಮೂಲೆಯಲ್ಲಿ ಹಗ್ಗ ಕಟ್ಟಿದ್ದೇವೆ. ಜೂನ್, ಜುಲೈಯಲ್ಲಿ ಶ್ರಾದ್ಧದ ಅಡಿಗೆಗೆ ಹೋಗಿಬಂದ ಬಟ್ಟೆ ಅಲ್ಲಿ ಒಣಗುತ್ತದೆ.

ಇನ್ನು ಬಾಕಿಯಿರುವುದು ಕ್ರೇಟಿನ ಚಿಪ್ಪಿ. ನೀರು ಹಾಯ್ದ ಹಾಗೆ ಅದರ ಮೈಗೆ ತುಕ್ಕು ಮೆತ್ತಿಕೊಂಡು ಕರಗುವುದು ನಿಲ್ಲುತ್ತದೆ. ಪ್ರತಿ ವರ್ಷ ಮದುವೆಗಳು ಶುರುವಾಗುವ ಮೊದಲು ಅದನ್ನು ತೆಗೆದು ತೋಟಕ್ಕೆ ಹಾಕಿ ಹೊಸದು ತುಂಬುವುದೆಂದು ಇಟ್ಟುಕೊಂಡಿದ್ದೇವೆ. ಭಾವ ಮುಂದಿನ ಸಲ ದಬ್ಬೆಯ ಚೌಕಟ್ಟಿನ ಬದಲು ಕ್ರೇಟುಗಳನ್ನು ಎಳೆದು ತೆಗೆಯಲು ಬರುವ ಹಾಗೆ ಪಿವಿಸಿಯದ್ದೇ ಚೌಕಟ್ಟು ಮಾಡುತ್ತೇನೆಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ.